ಮತ್ತೆ ಮತ್ತೆ ನೋಡುವ ಚಿತ್ರಗಳು: ಡಿಸ್ಕ್, ಡಿಜಿಟಲ್ ಖರೀದಿ ಅಥವಾ ಪೈರಸಿ?

ತೆರೆಬೆಳಕು:
ವರ್ಷಗಟ್ಟಲೆ ಮತ್ತೆ ಮತ್ತೆ ನೋಡಬೇಕೆನಿಸುವ ಚಲನಚಿತ್ರಗಳನ್ನು ಯಾವ ರೂಪದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಪ್ರಶ್ನೆ. ಡಿಸ್ಕ್‌ಗೆ ಜಾಗ ಬೇಕು, ಪ್ಲೇಯರ್ ಬೇಕು; ಆನ್‌ಲೈನ್‌ನಲ್ಲಿ ಕೊಂಡರೆ ಅದೇ ಚಿತ್ರ ಆ ಕ್ಷಣದಲ್ಲೇ ಸಿಗುತ್ತದೆ. ಪೈರಸಿಯ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಮಾತನಾಡೋಣ, ಏಕೆಂದರೆ ಅತ್ತ ಹೋಗುವವರೆಲ್ಲರೂ ಹಣ ಉಳಿಸಲೆಂದೇ ಹೋಗುತ್ತಾರೆ ಎಂದು ನನಗನ್ನಿಸುವುದಿಲ್ಲ.

ಕಪಾಟು:
ನನ್ನ ಉತ್ತರ ಡಿಸ್ಕ್. ಮೊದಲು ಗುಣಮಟ್ಟದ ಮಾತು. 4ಕೆ ಬ್ಲೂ-ರೇ ಡಿಸ್ಕ್‌ನಲ್ಲಿ 100 ಜಿಬಿಯವರೆಗೂ ಜಾಗವಿರುತ್ತದೆ. ಅದೇ ಚಿತ್ರ ಸ್ಟ್ರೀಮಿಂಗ್‌ನಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್‌ಗೆ ಕುಗ್ಗಿಕೊಂಡು ಬರುತ್ತದೆ. ಬಿಸಿಲಿನಲ್ಲಿ ತೆಗೆದ ದೃಶ್ಯಗಳಲ್ಲಿ ಈ ವ್ಯತ್ಯಾಸ ಕಾಣದೇ ಹೋಗಬಹುದು. ಆದರೆ ಕತ್ತಲ ಕೋಣೆಯಲ್ಲಿ ಒಂದೇ ದೀಪ ಉರಿಯುವ ದೃಶ್ಯವನ್ನು ಎರಡರಲ್ಲೂ ನೋಡಿ: ದೀಪದಿಂದ ಗೋಡೆಯತ್ತ ಮೆಲ್ಲಗೆ ಮಾಸಬೇಕಾದ ಬೆಳಕು ಸ್ಟ್ರೀಮಿಂಗ್‌ನಲ್ಲಿ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ, ನೆರಳಿನಲ್ಲಿ ಚೌಕದ ಕಲೆಗಳು ಮಿಸುಕಾಡುತ್ತವೆ, ಫಿಲ್ಮ್‌ನಲ್ಲಿ ತೆಗೆದ ಹಳೆಯ ಚಿತ್ರವಾದರೆ ಅದರ ಸಹಜ ಕಣಗಳು ಅಳಿಸಿಹೋಗಿ ಮುಖಗಳು ಮೇಣ ಹಚ್ಚಿದಂತೆ ನುಣುಪಾಗುತ್ತವೆ. ಛಾಯಾಗ್ರಾಹಕರು ಅಷ್ಟು ಶ್ರಮಪಟ್ಟು ಹಿಡಿದಿಟ್ಟ ಕತ್ತಲು ನಮಗೆ ತಲುಪುವುದೇ ಇಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಮೇಘಮಾಲೆ:
ಗುಣಮಟ್ಟದ ಮಾತು ಒಪ್ಪಿದೆ, ಆದರೆ ಡಿಸ್ಕ್ ಶಾಶ್ವತ ಎಂಬ ನಂಬಿಕೆಯನ್ನು ಒಪ್ಪಲಾರೆ. ತಯಾರಿಕೆಯಲ್ಲಿ ಪದರಗಳ ಅಂಟು ಸರಿಯಾಗಿರದಿದ್ದರೆ ಒಳಗಿನ ಲೋಹದ ಪದರಕ್ಕೆ ಗಾಳಿ ಸೋಕಿ ಡಿಸ್ಕ್ ಕೆಡುತ್ತದೆ. ದೀಪಕ್ಕೆ ಅಡ್ಡ ಹಿಡಿದರೆ ಕೆಲವೊಮ್ಮೆ ಸೂಜಿಮೊನೆಯಷ್ಟು ರಂಧ್ರಗಳು ಕಾಣುತ್ತವೆ, ಹೊರಮೈಯಲ್ಲಿ ಒಂದು ಗೀರೂ ಇರುವುದಿಲ್ಲ. ಪ್ಲೇಯರ್‌ಗಳ ಕಥೆಯೂ ಆಶಾದಾಯಕವಾಗಿಲ್ಲ: 2018ರಲ್ಲಿ ಒಪ್ಪೊ ತಯಾರಿಕೆಯನ್ನೇ ಕೈಬಿಟ್ಟಿತು, ಮರುವರ್ಷ ಸ್ಯಾಮ್‌ಸಂಗ್ ಅಮೆರಿಕದ ಮಾರುಕಟ್ಟೆಗೆ ಹೊಸ ಮಾದರಿಗಳನ್ನು ತರುವುದಿಲ್ಲ ಎಂದಿತು. ಇತ್ತ 2017ರಲ್ಲಿ ಆಪಲ್, ಐಟ್ಯೂನ್ಸ್‌ನಲ್ಲಿ ಎಚ್‌ಡಿಯಲ್ಲಿ ಕೊಂಡಿದ್ದ ಚಿತ್ರಗಳನ್ನು 4ಕೆ ಆವೃತ್ತಿ ಬಂದಾಗ ಹೆಚ್ಚುವರಿ ಹಣ ಕೇಳದೆ ಮೇಲ್ದರ್ಜೆಗೇರಿಸಿತು. ಯಾವ ಡಿಸ್ಕ್ ಹಾಗೆ ತಾನಾಗಿಯೇ ಉತ್ತಮಗೊಳ್ಳುತ್ತದೆ?

ಕಪಾಟು:
ಡಿಸ್ಕ್ ಕೆಟ್ಟರೆ ಒಂದು ಚಿತ್ರ ಹೋಗುತ್ತದೆ, ಉಳಿದವು ಇದ್ದಲ್ಲೇ ಇರುತ್ತವೆ. ಸೇವೆ ನಿಂತರೆ ಸಂಗ್ರಹಕ್ಕೆ ಸಂಗ್ರಹವೇ ಅಪಾಯಕ್ಕೆ ಸಿಲುಕುತ್ತದೆ. ಅಮೆರಿಕದ ದೊಡ್ಡ ಸ್ಟುಡಿಯೋಗಳಲ್ಲಿ ಹೆಚ್ಚಿನವು ಬೆಂಬಲಿಸಿದ್ದ ಅಲ್ಟ್ರಾವಯಲೆಟ್ ಎಂಬ ಸೇವೆ, ಕೊಂಡ ಚಿತ್ರಗಳನ್ನು ಆನ್‌ಲೈನ್ ಖಾತೆಯಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ, 2011ರಲ್ಲಿ ಆರಂಭವಾಗಿ 2019ರ ಜುಲೈ 31ಕ್ಕೆ ಮುಚ್ಚಿತು. ಬೇರೆ ಅಂಗಡಿಗಳಿಗೆ ಖಾತೆ ಜೋಡಿಸಿಕೊಂಡಿದ್ದವರು ಬಹುಮಟ್ಟಿಗೆ ಪಾರಾದರು. 2022ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾದ ಪ್ಲೇಸ್ಟೇಷನ್ ಗ್ರಾಹಕರಿಗೆ, ಅವರು ಹಣ ಕೊಟ್ಟು ಕೊಂಡಿದ್ದ ಸ್ಟುಡಿಯೋಕೆನಾಲ್ ಎಂಬ ಚಿತ್ರಸಂಸ್ಥೆಯ ಚಿತ್ರಗಳು ಪರವಾನಗಿ ಒಪ್ಪಂದದ ಕಾರಣಕ್ಕೆ ಇನ್ನು ಲಭ್ಯವಿರುವುದಿಲ್ಲ ಎಂಬ ಸೂಚನೆ ಬಂತು. ನಾವು ಕೊಂಡದ್ದು ನೋಡುವ ಅನುಮತಿ ಮಾತ್ರ, ಅದನ್ನು ಹಿಂಪಡೆಯುವ ಅಧಿಕಾರ ಕೊಟ್ಟವರ ಕೈಯಲ್ಲೇ ಉಳಿದಿರುತ್ತದೆ. ಇದನ್ನು ಖರೀದಿಗೆ ಮೊದಲೇ ಸ್ಪಷ್ಟವಾಗಿ ಹೇಳಬೇಕೆಂದು ಕ್ಯಾಲಿಫೋರ್ನಿಯದಲ್ಲಿ 2025ರ ಜನವರಿ 1ರಿಂದ ಕಾನೂನೇ ಜಾರಿಯಲ್ಲಿದೆ.

ಅಲೆಮಾರಿ:
ನೀವಿಬ್ಬರೂ ಸಿಗುವ ಚಿತ್ರಗಳ ಬಗ್ಗೆಯೇ ಮಾತನಾಡುತ್ತಿದ್ದೀರಿ. ಡಿಸ್ಕ್ ಮುದ್ರಣ ನಿಂತುಹೋದ, ಯಾವ ಸೇವೆಯಲ್ಲೂ ಇಲ್ಲದ, ಹಕ್ಕು ಯಾರದೆಂಬುದೇ ಇತ್ಯರ್ಥವಾಗದ ಚಿತ್ರಗಳನ್ನು ನೋಡಲು ದಾರಿ ಯಾವುದು? ‘ನೊಸ್ಫೆರಾಟು’ 1922ರಲ್ಲಿ ಅನುಮತಿಯಿಲ್ಲದೆ ಕಾದಂಬರಿಯೊಂದನ್ನು ಆಧರಿಸಿ ತಯಾರಾದ ಜರ್ಮನ್ ಚಿತ್ರ. ಅದರ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ನ್ಯಾಯಾಲಯ ಆದೇಶಿಸಿತ್ತು. ಆ ಆದೇಶ ಪೂರ್ತಿಯಾಗಿ ಪಾಲನೆಯಾಗಿದ್ದರೆ ಇಂದು ನಮಗೆ ಆ ಚಿತ್ರವೇ ಇರುತ್ತಿರಲಿಲ್ಲ. ಅನಧಿಕೃತ ಪ್ರತಿಯೆಂದರೆ ಕಳ್ಳತನವೇ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ, ಆದರೆ ಅದು ಪೂರ್ತಿ ಸತ್ಯವಲ್ಲ.

ಶಬ್ದಗ್ರಾಹಿ:
ಆ ಚಿತ್ರ ಉಳಿದದ್ದು ಅದರ ಪ್ರತಿಗಳು ಆಗಲೇ ಹಲವು ದೇಶಗಳಲ್ಲಿ, ಹಲವರ ಕೈಯಲ್ಲಿ ಹಂಚಿಹೋಗಿದ್ದರಿಂದ. ಅದು ಪೈರಸಿಗಿಂತ ಹೆಚ್ಚಾಗಿ ಡಿಸ್ಕ್‌ನ ಪರವಾದ ವಾದ. ಎಲ್ಲಿಯೂ ಸಿಗದ ಚಿತ್ರವನ್ನು ಹುಡುಕಿ ನೋಡಿದವರನ್ನು ನಾನು ದೂಷಿಸುವುದಿಲ್ಲ. ಆದರೆ ಅನಧಿಕೃತ ತಾಣಗಳಲ್ಲಿ ಜನ ಮುಗಿಬೀಳುವುದು ಅಂಥ ಚಿತ್ರಗಳಿಗಲ್ಲ, ಅದೇ ವಾರ ತೆರೆಕಂಡವುಗಳಿಗೆ. ಅಲ್ಲಿ ಸಿಗುವ ಅತ್ಯುತ್ತಮ ಕಡತಗಳಲ್ಲಿ ಬಹಳಷ್ಟು ಯಾರೋ ಕೊಂಡ ಬ್ಲೂ-ರೇ ಡಿಸ್ಕ್‌ನಿಂದಲೇ ತೆಗೆದವು ಎಂಬುದನ್ನೂ ಮರೆಯಬಾರದು. ಕೊಳ್ಳುವವರು ಇಲ್ಲವಾದರೆ ಆ ಮೂಲವೂ ಬತ್ತುತ್ತದೆ. ಹಳೆಯ ನೆಗೆಟಿವ್ ಒಂದನ್ನು ಸ್ವಚ್ಛಗೊಳಿಸಿ, ಚೌಕಟ್ಟು ಚೌಕಟ್ಟಾಗಿ ಸ್ಕ್ಯಾನ್ ಮಾಡಿ, ಬಣ್ಣ ತಿದ್ದಿ, ಧ್ವನಿಪಥದ ಚಟಪಟ ಸದ್ದನ್ನು ಮಾತಿಗೆ ಪೆಟ್ಟಾಗದಂತೆ ತೆಗೆಯುವ ಕೆಲಸಕ್ಕೆ ಸಣ್ಣ ಪ್ರಕಾಶನ ಸಂಸ್ಥೆಗಳು ಹಣ ಹೂಡುವುದು ಡಿಸ್ಕ್ ಮಾರಾಟವನ್ನು ನಂಬಿಯೇ.

ಅಲೆಮಾರಿ:
ಹಾಗಿದ್ದರೆ ಹಣ ಕೊಟ್ಟವರಿಗೆ ಪ್ರತಿ ಮಾಡದಂತೆ ತಡೆಯುವ ಡಿಜಿಟಲ್ ಬೀಗವಿಲ್ಲದ ಕಡತವನ್ನು ಏಕೆ ಕೊಡಬಾರದು? ಐಟ್ಯೂನ್ಸ್‌ನ ಹಾಡುಗಳ ಬೀಗ 2009ರಲ್ಲೇ ಹೋಯಿತು, ಸಂಗೀತದ ಮಾರಾಟ ಅದರಿಂದ ನಿಂತುಹೋಗಲಿಲ್ಲ. ಚಲನಚಿತ್ರಗಳಿಗೆ ದೊಡ್ಡ ಸ್ಟುಡಿಯೋಗಳು ಇಂದಿಗೂ ಒಪ್ಪಿಲ್ಲ. ಹಣ ಕೊಡಲು ಸಿದ್ಧನಿರುವ ನನಗೆ ಕಳ್ಳಪ್ರತಿಗಿಂತ ಕಡಿಮೆ ಸ್ವಾತಂತ್ರ್ಯದ ಸರಕನ್ನು ಮಾರುವುದು ನ್ಯಾಯವಲ್ಲ.

ಶಬ್ದಗ್ರಾಹಿ:
ಈ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಸ್ವಂತ ಡಿಸ್ಕ್‌ನಿಂದ ಸ್ವಂತ ಬಳಕೆಗೆ ಪ್ರತಿ ತೆಗೆದುಕೊಳ್ಳುವುದಕ್ಕೂ ಹಲವು ದೇಶಗಳಲ್ಲಿ ಅಡ್ಡಿಯಿದೆ. ಬ್ರಿಟನ್ 2014ರಲ್ಲಿ ಖಾಸಗಿ ಪ್ರತಿಗೆ ಅವಕಾಶ ಕೊಟ್ಟಿತು, ಮರುವರ್ಷವೇ ಅಲ್ಲಿನ ಹೈಕೋರ್ಟ್ ಅದನ್ನು ರದ್ದುಮಾಡಿತು.

ತೆರೆಬೆಳಕು:
ಎಲ್ಲರಿಗೂ ಧನ್ಯವಾದಗಳು. ಮನಸ್ಸಿನಲ್ಲಿ ಉಳಿದ ಚಿತ್ರಗಳನ್ನು ಡಿಸ್ಕ್‌ನಲ್ಲಿ ಕೊಳ್ಳುತ್ತೇನೆ, ಒಮ್ಮೆ ನೋಡಿದರೆ ಸಾಕೆನಿಸುವವನ್ನು ಡಿಜಿಟಲ್ ಬಾಡಿಗೆಗೆ ಪಡೆಯುತ್ತೇನೆ. ಡಿಜಿಟಲ್ ಖರೀದಿ ಡಿಸ್ಕ್ ಬಾರದ ಚಿತ್ರಗಳಿಗೆ ಮಾತ್ರ. ಕೊಳ್ಳುವ ಮೊದಲು ವಲಯ ಸಂಕೇತ (ಡಿಸ್ಕ್ ಯಾವ ಪ್ರದೇಶದ ಪ್ಲೇಯರ್‌ಗಳಲ್ಲಿ ಓಡುತ್ತದೆ ಎಂಬ ಗುರುತು) ನನ್ನ ಪ್ಲೇಯರ್‌ಗೆ ಹೊಂದುತ್ತದೆಯೇ ಎಂದು ನೋಡುತ್ತೇನೆ. ಡಿಸ್ಕ್ ಕೈಸೇರಿದ ವಾರದಲ್ಲೇ, ಬದಲಿಸಿಕೊಳ್ಳುವ ಅವಧಿ ಮುಗಿಯುವ ಮುನ್ನ, ಕೊನೆಯವರೆಗೆ ಓಡಿಸಿ ಪರೀಕ್ಷಿಸುತ್ತೇನೆ.