ಕೋರ್ ಟೀಮ್‌ಗೆ ಕರೆದಿದ್ದಾರೆ, ಸೇರಲಾ ಬೇಡವಾ?

ಅರ್ಧವಿರಾಮ:
ಒಂದು ಓಪನ್ ಸೋರ್ಸ್ ಪಾರ್ಸರ್ ಲೈಬ್ರರಿಗೆ (ಪಠ್ಯವನ್ನ ಬಿಡಿಸಿ ಅರ್ಥ ಮಾಡ್ಕೊಳ್ಳೋ ಕೋಡ್) ಬಹಳ ದಿನದಿಂದ ಪ್ಯಾಚ್, ಅಂದ್ರೆ ತಿದ್ದುಪಡಿ, ಕಳಿಸ್ತಿದ್ದೀನಿ. ಅದರ ಯುನಿಕೋಡ್ (ಬೇರೆ ಬೇರೆ ಭಾಷೆಗಳ ಅಕ್ಷರ ಸಂಭಾಳಿಸೋ) ಭಾಗ ಹೆಚ್ಚುಕಮ್ಮಿ ನಾನೇ ನೋಡ್ಕೊಳ್ಳೋದು. ಮೊನ್ನೆ ಅದನ್ನ ನಡೆಸೋ ಮೇಂಟೇನರ್ ಮೇಲ್ ಹಾಕಿ, "ಕೋರ್ ಟೀಮ್‌ಗೆ ಬನ್ನಿ, ಕಮಿಟ್ ಹಕ್ಕು ಕೊಡ್ತೀವಿ" ಅಂದ್ರು, ಅಂದ್ರೆ ಕೋಡನ್ನ ನೇರವಾಗಿ ಬದಲಿಸೋ ಅಧಿಕಾರ. ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ.

ಆದ್ರೆ ಈಗ ಬೇಕಾದಾಗ ಒಂದು ಬಗ್ ಹಿಡಿದು, ಸರಿಮಾಡಿ, ಪುಲ್ ರಿಕ್ವೆಸ್ಟ್ (ಇದನ್ನ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ಹಾಕಿ ಎದ್ದು ಹೋಗಬಹುದು. ಮೇಂಟೇನರ್ ಪಾಡು ಹಾಗಿಲ್ಲ. ಕಳೆದ ರಿಲೀಸ್‌ಗೆ ಮುಂಚೆ ಒಂದು ಫಂಕ್ಷನ್ ಹೆಸರಿನ ಮೇಲೆ ಇಬ್ಬರು ಕಿತ್ತಾಡಿದ್ರು, ವಾರಗಟ್ಟಲೆ ಸಮಾಧಾನ ಮಾಡಿದ್ದು ಅವರೇ. ನನಗೆ ಕೋಡ್ ಬರೆಯೋದಿಷ್ಟ, ಪಂಚಾಯಿತಿ ಅಲ್ಲ. ಏನ್ ಮಾಡ್ಲಿ?

ಹಳೇಬ್ರಾಂಚ್:
ಸೇರೋಕೆ ಮುಂಚೆ ಹೊರಗೆ ಬರೋ ದಾರಿ ಕೇಳಿ. ಪೈಥಾನ್ ಭಾಷೆಯ ಪ್ರಾಜೆಕ್ಟ್‌ನಲ್ಲಿ ಇದೆಲ್ಲ ಬರಹದಲ್ಲೇ ಇದೆ: ಎರಡು ವರ್ಷ ಹೇಳಿಕೊಳ್ಳುವಂಥ ಕೆಲಸ ಮಾಡದಿದ್ರೆ ನಿಷ್ಕ್ರಿಯರ ಪಟ್ಟಿಗೆ ಹೋಗಿ ಅಂತ ಕೇಳಬಹುದು, ಅದರಲ್ಲಿ ಮುಜುಗರವೇನಿಲ್ಲ. ಪೈಥಾನ್ ಹುಟ್ಟುಹಾಕಿದ ಗೀಡೊ ವಾನ್ ರಾಸಮ್ 2018ರಲ್ಲಿ ಹಿಂದೆ ಸರಿದಾಗಲೂ ಪ್ರಾಜೆಕ್ಟ್ ನಿಲ್ಲಲಿಲ್ಲ, ಐದು ಜನರ ಸ್ಟೀರಿಂಗ್ ಕೌನ್ಸಿಲ್ ಬಂತು. ನಿಮ್ಮಲ್ಲಿ ಅಂಥ ನಿಯಮ ಇಲ್ಲ ಅಂದ್ರೆ ಮೊದಲ ಕಮಿಟ್ ಅದೇ ಆಗಲಿ.

ಇನ್ನೊಂದು, ರಿಲೀಸ್ ಕೀ (ಹೊಸ ಆವೃತ್ತಿ ಅಸಲಿ ಅಂತ ಡಿಜಿಟಲ್ ಸಹಿ ಹಾಕೋ ಕೀ) ಯಾರ ಹತ್ರ ಇದೆ? ಫೈಲ್ ಕುಗ್ಗಿಸೋ ಸಾಫ್ಟ್‌ವೇರ್ ಎಕ್ಸ್‌ಝಡ್ ಕಥೆ ನೆನಪಿದೆಯಲ್ಲ. ದಣಿದ ಒಬ್ಬ ಮೇಂಟೇನರ್, "ಬೇಗ ಬೇಗ" ಅಂತ ಒತ್ತಡ ಹಾಕೋ ಮೇಲ್‌ಗಳು, ನಂಬಿಕೆ ಗಳಿಸಿ ಒಳಗೆ ಬಂದ ಅಪರಿಚಿತ. ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಅಂದ್ರೆ ಕದ್ದು ಒಳಗೆ ನುಗ್ಗೋ ದಾರಿ. 2024ರ ಮಾರ್ಚಲ್ಲಿ ಅದು ಸಿಕ್ಕಿದ್ದು ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಹೋಗೋ ವ್ಯವಸ್ಥೆ) ಲಾಗಿನ್ ಅರ್ಧ ಸೆಕೆಂಡ್ ತಡವಾಗ್ತಿದೆ ಅಂತ ಒಬ್ಬರು ಕೆದಕಿದ್ದಕ್ಕೆ. ಒಬ್ಬರ ಮೇಲೇ ಎಲ್ಲ ಭಾರ ಬಿದ್ರೆ ಹೀಗಾಗೋದು. ಅದಕ್ಕೇ ಸೇರಿ ಅಂತೀನಿ, ಬಿರುದಿಗಲ್ಲ.

ಲೂಪ್‌ಹೋಲ್:
ಕಂಪನಿ ಜತೆಗಿನ ಒಪ್ಪಂದ ಓದಿದ್ರಾ? ಬಿಡುವಲ್ಲಿ ಬರೆದ ಕೋಡ್ ಕೂಡ ತಮ್ಮದೇ ಅನ್ನೋ ಕಲಂ ಕೆಲವು ಕಡೆ ಇರತ್ತೆ. ಲಿಖಿತ ಅನುಮತಿ ತಗೊಳ್ಳಿ, ಬಾಯಿಮಾತು ಸಾಲದು.

ಬರೀಬಗ್:
ನಾನಾದ್ರೆ ಬೇಡ ಅಂತೀನಿ. ಕಮಿಟ್ ಹಕ್ಕು ಬಂದ ಮೇಲೆ ಬೇರೆಯವರ ಕೋಡ್ ಓದೋದೇ ಕೆಲಸ. ನಿಮ್ಮ ಪ್ಯಾಚ್‌ಗಳು ಹೇಗೂ ಮರ್ಜ್ ಆಗ್ತಿವೆಯಲ್ಲ?

ಅರ್ಧವಿರಾಮ:
@ಬರೀಬಗ್ ಆಗ್ತಿವೆ, ಆದ್ರೆ ತಿಂಗಳುಗಟ್ಟಲೆ ಕಾದು. ರಿವ್ಯೂ ಮಾಡೋಕೆ ಅವರೊಬ್ಬರೇ.

@ಹಳೇಬ್ರಾಂಚ್ ಕೇಳಿದೆ ಸರ್. ಕೀ ಅವರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದೆಯಂತೆ. ರಿಲೀಸ್‌ಗೆ ಇನ್ನೊಬ್ಬರೂ ತಮ್ಮ ಕೀಯಿಂದ ಸಹಿ ಹಾಕೋ ಹಾಗಾಗಬೇಕು, ನನ್ನ ರಿವ್ಯೂ ಯುನಿಕೋಡ್ ಭಾಗಕ್ಕಷ್ಟೇ, ವರ್ಷಕ್ಕೊಮ್ಮೆ ಮುಂದುವರೀಬೇಕಾ ಅಂತ ಮಾತಾಡೋಣ ಅಂತ ಬರೆದಿದ್ದೀನಿ. ಮೊದಲನೆಯದಕ್ಕೆ ತಕ್ಷಣ ಒಪ್ಪಿದ್ರು. ಉಳಿದೆರಡಕ್ಕೆ ಇನ್ನೂ ಉತ್ತರ ಬಂದಿಲ್ಲ.