ಗೆಲ್ಲುವ ಮೊದಲೇ ಪದಕ

ರಾಘು ಕಾರ್ಟಹೇನಾದ ಪ್ರವಾಸಾನುಭವವನ್ನು ವಿಮಾನದಲ್ಲೇ ಬರೆದು ಮುಗಿಸಿದ್ದ. "ಕೆರಿಬಿಯನ್ ಕಡಲಿನ ತಂಗಾಳಿ ಕೆನ್ನೆ ಸವರಿತು" ಎಂಬುದು ಅದರ ಮೊದಲ ವಾಕ್ಯ. ಆಗ ಕೊಲಂಬಿಯಾ ಇನ್ನೂ ಕಿಟಕಿಯಲ್ಲೂ ಕಾಣಿಸಿರಲಿಲ್ಲ. ಈಗ ನಡುಮಧ್ಯಾಹ್ನದ ಹೊತ್ತು. ಗಡಿಯಾರ ಗೋಪುರದ ಒಳಮಗ್ಗುಲಿನ ಚೌಕದಲ್ಲಿ, ಮಿಠಾಯಿ ಮಾರುವವರ ಕಮಾನು ಸಾಲಿನ ನೆರಳಿನಲ್ಲಿ ಕಂಬಕ್ಕೆ ಒರಗಿ ಅವನು ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದ.

"ಆ ತಂಗಾಳಿಯನ್ನು ಹೊಡೆದುಹಾಕುವುದಿಲ್ಲವೇ?" ಎಂದಳು ಶಾಲಿನಿ, ತೆಂಗಿನ ತುರಿಯ ಕೊಕಾದಾ ಮುರಿಯುತ್ತ.

"ಏಕೆ ಹೊಡೆದುಹಾಕಬೇಕು? ಸಂಜೆಗೆ ಬಂದೇ ಬರುತ್ತದೆ."

ಮೂರ್ತಿಗಳು ಟೋಪಿ ತೆಗೆದರು. ಅವರು ಟೋಪಿ ತೆಗೆದರೆ ಇತಿಹಾಸ ಶುರುವಾಯಿತೆಂದೇ ಲೆಕ್ಕ. "ನಿನ್ನಂಥವನೇ ಒಬ್ಬ 1741ರಲ್ಲಿ ಇಲ್ಲಿಗೆ ಬಂದಿದ್ದನಯ್ಯಾ. ಎಡ್ವರ್ಡ್ ವರ್ನನ್, ಇಂಗ್ಲಿಷ್ ನೌಕಾಪಡೆಯ ಅಡ್ಮಿರಲ್. ಬೆನ್ನಿಗೆ 180ಕ್ಕೂ ಹೆಚ್ಚು ಹಡಗುಗಳು. ಕೊಲ್ಲಿಯ ಬಾಯಲ್ಲಿದ್ದ ಬೊಕಾಚಿಕಾ ಕೋಟೆ ಕೈಗೆ ಬಂದದ್ದೇ ತಡ, ಊರೇ ನಮ್ಮದಾದ ಹಾಗೆ ಎಂದು ಲಂಡನ್ನಿಗೆ ಸುದ್ದಿ ಕಳುಹಿಸಿಬಿಟ್ಟ. ಅಲ್ಲಿನವರು ಕುಣಿದಾಡಿ ಪದಕಗಳನ್ನೇ ಅಚ್ಚು ಹಾಕಿಸಿದರು. ಸ್ಪೇನಿನ ದಂಡನಾಯಕ ಬ್ಲಾಸ್ ದೆ ಲೆಸೊ ವರ್ನನ್ನನ ಮುಂದೆ ಮಂಡಿಯೂರಿ ಕತ್ತಿ ಒಪ್ಪಿಸುತ್ತಿರುವ ಚಿತ್ರ."

"ಚೆನ್ನಾಗಿದೆಯಲ್ಲ, ಅದರಲ್ಲೇನು ತಪ್ಪು?"

"ಕಾಲು! ಲೆಸೊನ ಎಡಗಾಲು 1704ರ ಕಾಳಗದಲ್ಲೇ ಹೋಗಿತ್ತು, ಅವನಿಗಿನ್ನೂ ಹದಿಹರೆಯ. ಮುಂದೆ ಒಂದು ಕಣ್ಣು ಹೋಯಿತು, ಬಲಗೈ ಬಿದ್ದುಹೋಯಿತು. ಲಂಡನ್ನಿನ ಅಚ್ಚುಗಾರನೋ ಮಹಾ ಉದಾರಿ. ಅವನಿಗೆ ಎರಡೂ ಕಾಲುಗಳನ್ನು ಪುಕ್ಕಟೆಯಾಗಿ ಮರಳಿ ಕೊಟ್ಟು, ಆಮೇಲೆ ಮಂಡಿಯೂರಿಸಿದ."

ನಾನು ಇಷ್ಟು ಹೊತ್ತು ಕೊಕಾದಾದ ಪಕ್ಷದಲ್ಲಿದ್ದೆ. ಆದರೂ ಕೇಳಿದೆ: "ಕೊನೆಗೆ ಗೆದ್ದವರು ಯಾರು?"

"ಏಣಿ ಗೆದ್ದಿತು. ಸಾನ್ ಫೆಲಿಪೆ ಕೋಟೆಗೆ ಲಗ್ಗೆ ಹಾಕಲು ಇಂಗ್ಲಿಷರು ಹೊತ್ತು ತಂದ ಏಣಿಗಳು ಗಿಡ್ಡವಾದವು. ಅಳತೆ ತೆಗೆದುಕೊಂಡೇ ಇರಲಿಲ್ಲವೋ, ಲೆಸೊ ಗೋಡೆಯ ಬುಡದಲ್ಲಿ ಕಂದಕ ಆಳ ಮಾಡಿಸಿದ್ದನೋ, ಹೇಳುವವರು ಎರಡನ್ನೂ ಹೇಳುತ್ತಾರೆ. ಉಳಿದ ಕೆಲಸವನ್ನು ಹಳದಿ ಜ್ವರ ಮಾಡಿತು. ವರ್ನನ್ ಹಡಗು ತಿರುಗಿಸಿದ."

"ತಿರುಗಿಸಿದರೇನು?" ಎಂದ ರಾಘು. "ಅವನ ಕೆಳಗೆ ಇಲ್ಲಿಗೆ ಬಂದಿದ್ದ ಲಾರೆನ್ಸ್ ವಾಷಿಂಗ್ಟನ್ ವರ್ಜೀನಿಯಾಕ್ಕೆ ಹೋಗಿ ತನ್ನ ಎಸ್ಟೇಟಿಗೆ ಮೌಂಟ್ ವರ್ನನ್ ಎಂದು ಹೆಸರಿಟ್ಟ. ಅವನ ತಮ್ಮ ಜಾರ್ಜ್ ಅಮೆರಿಕದ ಅಧ್ಯಕ್ಷನಾದ ಮೇಲೂ ಅದೇ ಅವನ ಮನೆ. ಗೆದ್ದ ಲೆಸೊ ಅದೇ 1741ರಲ್ಲಿ ಇಲ್ಲೇ ಸತ್ತ, ಸಮಾಧಿ ಎಲ್ಲಿದೆ ಎಂಬುದೂ ಗೊತ್ತಿಲ್ಲ. ಮೊದಲೇ ಬರೆದುಕೊಂಡವನ ಹೆಸರು ಉಳಿಯಿತೋ ಇಲ್ಲವೋ?"

ಮೂರ್ತಿಗಳು ಇದನ್ನು ನಿರೀಕ್ಷಿಸಿರಲಿಲ್ಲ. ಟೋಪಿಯಿಂದ ಗಾಳಿ ಹಾಕಿಕೊಂಡು ಮತ್ತೆ ದಾಳಿಗೆ ಬಂದರು. "2014ರಲ್ಲಿ ಬ್ರಿಟನ್ನಿನ ಯುವರಾಜ ಚಾರ್ಲ್ಸ್ ಬಂದು, ಆ ಯುದ್ಧದಲ್ಲಿ ಮಡಿದ ಇಂಗ್ಲಿಷರ ನೆನಪಿಗೆ ಒಂದು ಫಲಕ ಅನಾವರಣ ಮಾಡಿದರು. ಊರಿಗೆ ಮುತ್ತಿಗೆ ಹಾಕಿದವರಿಗೆ ಊರಿನಲ್ಲೇ ಫಲಕವೇ ಎಂದು ಜನ ಸಿಡಿದೆದ್ದರು. ಕೆಲವೇ ದಿನಗಳಲ್ಲಿ ಅದನ್ನು ಕಿತ್ತುಹಾಕಬೇಕಾಯಿತು. ಹೆಸರು ಉಳಿಯುವುದು ಹೀಗೆ!"

ಅಷ್ಟರಲ್ಲಿ ತಲೆಯ ಮೇಲೆ ಹಣ್ಣಿನ ಬೋಗುಣಿ ಹೊತ್ತು, ಹಳದಿ, ಕೆಂಪು, ನೀಲಿ ಲಂಗದ ಹೆಂಗಸೊಬ್ಬರು ಚೌಕ ದಾಟಿದರು. ರಾಘುವಿನ ಮೊಬೈಲ್ ತಾನಾಗಿಯೇ ಮೇಲೆದ್ದಿತು. ಆಕೆ ನಕ್ಕು, ನಿಂತು, ಕೈ ಚಾಚಿದರು. ಪಟಕ್ಕೆ ಪೆಸೊ.

"ಬಣ್ಣದ ಬಟ್ಟೆ ತೊಟ್ಟದ್ದಕ್ಕೂ ಶುಲ್ಕವೇ?" ಎಂದು ಅವನು ಗೊಣಗಿದ.

ಶಾಲಿನಿ ಕೊಕಾದಾ ಕೆಳಗಿಟ್ಟಳು. "ಅವರು ಪಲೆಂಕೆರಾ. ಅವರ ಊರು ಸಾನ್ ಬಸಿಲಿಯೊ ದೆ ಪಲೆಂಕೆ, ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಕಟ್ಟಿಕೊಂಡ ಊರು. ನೀನು ಒರಗಿ ನಿಂತಿರುವ ಈ ಚೌಕ ಏನೆಂದು ಗೊತ್ತೇ? ಆಫ್ರಿಕಾದಿಂದ ತಂದ ಮನುಷ್ಯರನ್ನು ಮಾರುತ್ತಿದ್ದ ಸಂತೆ. ಇಲ್ಲಿ ಈಗ ದರ ಹೇಳುವವರು ಅವರು. ಕೇಳಿದಷ್ಟು ಕೊಡು."

ರಾಘು ಕೊಟ್ಟ. ಚಿಲ್ಲರೆಯನ್ನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಮೂರ್ತಿಗಳು ಕೂಡ. ಅದೊಂದು ದಾಖಲೆ.

ದಾಖಲೆ ಬೇಗ ಮುರಿಯಿತು. "ದರ ಎಂದರೆ ನೆನಪಾಯಿತು. 1586ರಲ್ಲಿ ಫ್ರಾನ್ಸಿಸ್ ಡ್ರೇಕ್ ಊರನ್ನು ಹಿಡಿದು, ಬಿಟ್ಟುಹೋಗಲು 1,07,000 ಡ್ಯುಕಾಟ್ ಕಿತ್ತುಕೊಂಡ. ಆಮೇಲೆ ಬುದ್ಧಿ ಬಂದು ಸ್ಪೇನಿನವರು ಗೋಡೆ ಎಬ್ಬಿಸತೊಡಗಿದರು. ಮುಗಿದದ್ದು 1796ರಲ್ಲಿ. ಖರ್ಚಿನ ಪಟ್ಟಿ ನೋಡಿ ಸುಸ್ತಾದ ರಾಜ ಮ್ಯಾಡ್ರಿಡ್ಡಿನ ಅರಮನೆಯ ಕಿಟಕಿಗೆ ದುರ್ಬೀನು ಹಿಡಿದನಂತೆ. ಇಷ್ಟು ದುಡ್ಡು ನುಂಗಿದ ಗೋಡೆ ಇಲ್ಲಿಗೂ ಕಾಣಬೇಕಲ್ಲ ಎಂದನಂತೆ. ದಂತಕಥೆ, ಆದರೆ ಲೆಕ್ಕಪತ್ರ ನೋಡಿದವರು ಕಟ್ಟಿದ್ದೇ ಇರಬೇಕು."

"ಮುಗಿದು ಹದಿನೈದೇ ವರ್ಷಕ್ಕೆ, 1811ರಲ್ಲಿ, ಊರು ಸ್ಪೇನಿನಿಂದಲೇ ಸ್ವತಂತ್ರವಾಯಿತು" ಎಂದಳು ಶಾಲಿನಿ. "ಗುತ್ತಿಗೆ ಯಾರಿಗೆ ಕೊಟ್ಟಿದ್ದರೋ."

ಸಾನ್ ಫೆಲಿಪೆಗೆ ಹೋಗುವುದೆಂದು ಗೊತ್ತಾಯಿತು. ಕೋಟೆಯ ಕೆಳಗಿನ ಸುರಂಗಗಳಲ್ಲಿ ಒಂದು ತುದಿಯ ಸಣ್ಣ ಸದ್ದೂ ಇನ್ನೊಂದು ತುದಿಗೆ ಮುಟ್ಟುತ್ತದೆ ಎಂದು ಮೂರ್ತಿಗಳು ಹೇಳಿದಾಗ, ಅವರು ಯಾವ ತುದಿಯಲ್ಲಿ ಇರುತ್ತಾರೆ ಎಂದು ನಾವು ಮೂವರೂ ಒಟ್ಟಿಗೆ ಕೇಳಿದೆವು.

ಟ್ಯಾಕ್ಸಿಗೆ ಮೀಟರ್ ಇರಲಿಲ್ಲ. ಚಾಲಕ ಒಂದು ಮೊತ್ತ ಹೇಳಿದ. ಮೂರ್ತಿಗಳು ಅದರ ಅರ್ಧಕ್ಕೆ ಇಳಿದರು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. ಇವರು ಎರಡು ಹೆಜ್ಜೆ ಹೊರಟುಹೋಗುವ ನಾಟಕವಾಡಿದರು. ಅವನು ಇನ್ನೇನು ಕರೆಯಬೇಕು, ಅಷ್ಟರಲ್ಲಿ ಹಿಂದಿನಿಂದ ಬಾಗಿಲು ಹಾಕಿದ ಸದ್ದು ಕೇಳಿಸಿತು. ರಾಘು ಒಳಗೆ ಕುಳಿತು, ಎಸಿಯ ಕಿಂಡಿಗೆ ಮುಖ ಒಡ್ಡಿ, "ಎಲ್ಲ ಮುಗಿಯಿತಲ್ಲ, ಬನ್ನಿ" ಎನ್ನುತ್ತಿದ್ದ.

ಚಾಲಕ ಮೂರ್ತಿಗಳನ್ನು ನೋಡಿ ತುಂಬಾ ಮರ್ಯಾದೆಯಿಂದ ಮೊದಲಿನ ಮೊತ್ತವನ್ನೇ ಹೇಳಿದ.