‘ಬಹುದು’, ‘ಬೇಕು’: ಎಐ ಏಜೆಂಟ್ ಓದುವ ಟೂಲ್ ವಿವರಣೆಯಲ್ಲಿ ಇವುಗಳ ಅರ್ಥವನ್ನು ಖಚಿತಪಡಿಸುವುದು ಹೇಗೆ?

ಎಲ್ಲರಿಗೂ ಧಾರವಾಡದಿಂದ ನಮಸ್ಕಾರಗಳು.

ಎಐ ಏಜೆಂಟ್‌ಗಳು (ಕೇಳಿದ ಕೆಲಸವನ್ನು ತಾವೇ ಹಂತ ಹಂತವಾಗಿ ಮಾಡುವ ಎಐ ಪ್ರೋಗ್ರಾಂಗಳು) ಬಳಸುವ ಟೂಲ್‌ಗಳಿಗೆ, ಅಂದರೆ ಮಾಹಿತಿ ತರಲು ಅಥವಾ ಕೆಲಸ ಮಾಡಿಸಲು ಅವು ಕರೆಯುವ ಪ್ರೋಗ್ರಾಂಗಳಿಗೆ, ಕನ್ನಡದಲ್ಲಿ ವಿವರಣೆ ಬರೆಯುವ ಕೆಲಸದಲ್ಲಿ ಕೆಲವು ತಿಂಗಳಿಂದ ತೊಡಗಿದ್ದೇನೆ. ಆ ಬರವಣಿಗೆಯಲ್ಲಿ ಸಾಲು ಸಾಲಿಗೂ ಎದುರಾಗುವ ‘ಬಹುದು’ ಮತ್ತು ‘ಬೇಕು’ ಎಂಬ ಎರಡು ರೂಪಗಳ ಬಗ್ಗೆ ತಮ್ಮೆಲ್ಲರ ಅಭಿಪ್ರಾಯ ಕೇಳಲು ಇದನ್ನು ಬರೆಯುತ್ತಿದ್ದೇನೆ.

2024ರ ನವೆಂಬರ್‌ನಲ್ಲಿ ಪ್ರಕಟವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಂಥ, ಎಐಗೆ ಟೂಲ್‌ಗಳನ್ನು ಜೋಡಿಸುವ ಪದ್ಧತಿಗಳಲ್ಲಿ ಟೂಲ್‌ಗೆ ಒಂದು ಹೆಸರು, ಮಾತಿನಲ್ಲಿ ಬರೆದ ವಿವರಣೆ, ಮತ್ತು ಅದಕ್ಕೆ ಒದಗಿಸಬೇಕಾದ ಮಾಹಿತಿಯ ಸ್ಕೀಮಾ (ಯಾವ ಮಾಹಿತಿ, ಯಾವ ರೂಪದಲ್ಲಿ ಎಂಬ ಪಟ್ಟಿ) ಇರುತ್ತವೆ. ಯಾವ ಮಾಹಿತಿ ಕಡ್ಡಾಯ ಎಂಬುದನ್ನು ಸ್ಕೀಮಾದಲ್ಲೇ ಗುರುತಿಸಲು ಬರುವುದರಿಂದ ಅಲ್ಲಿ ಭಾಷೆಯ ತೊಡಕು ಕಡಿಮೆ. ಆದರೆ ಟೂಲನ್ನು ಯಾವಾಗ ಬಳಸಬೇಕು, ಬಂದ ಉತ್ತರವನ್ನು ಹೇಗೆ ತಿಳಿದುಕೊಳ್ಳಬೇಕು ಎಂಬುದು ವಿವರಣೆಯ ವಾಕ್ಯಗಳನ್ನೇ ನೆಚ್ಚಿಕೊಂಡಿರುತ್ತದೆ. ಮನುಷ್ಯರು ಓದಿದರೆ ಅನುಮಾನ ಬಂದಲ್ಲಿ ಪಕ್ಕದವರನ್ನು ಕೇಳುತ್ತಾರೆ. ಏಜೆಂಟ್ ಸಾಮಾನ್ಯವಾಗಿ ತಾನು ಹಿಡಿದ ಅರ್ಥದಲ್ಲೇ ಮುಂದುವರಿದುಬಿಡುತ್ತದೆ.

ಬ್ಯಾಡಗಿ ಮಾರುಕಟ್ಟೆಯ ಒಣಮೆಣಸಿನಕಾಯಿ ದರ ತಿಳಿಸುವ ಟೂಲ್ ಒಂದಕ್ಕೆ ನಾನು ಹೀಗೆ ಬರೆದಿದ್ದೆ: “ತಾರೀಖು ಕೊಡಬಹುದು. ಕೊಡದಿದ್ದರೆ ಹಿಂದಿನ ವಹಿವಾಟಿನ ದರ ಬರಬಹುದು.” ಅಲ್ಲಿ ಮುಖ್ಯ ವಹಿವಾಟು ಸೋಮವಾರ ಮತ್ತು ಗುರುವಾರ. ಒಂದು ಶುಕ್ರವಾರ ರೈತರೊಬ್ಬರು ಡಬ್ಬಿ ತಳಿಯ ಮೆಣಸಿನಕಾಯಿಗೆ ಇವತ್ತು ಕ್ವಿಂಟಲ್‌ಗೆ ಎಷ್ಟಿದೆ ಎಂದು ಕೇಳಿದಾಗ, ಏಜೆಂಟ್ ತಾರೀಖು ಕೊಡದೆ ಟೂಲನ್ನು ಬಳಸಿ, ಗುರುವಾರದ ದರವನ್ನು ‘ಇಂದಿನ ದರ’ ಎಂದು ತಿಳಿಸಿತು. ತಪ್ಪು ನನ್ನ ವಾಕ್ಯದ್ದು. ಮೊದಲನೆಯ ‘ಬಹುದು’ ಅನುಮತಿ, ಎರಡನೆಯದು ಸಂಭವ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಆ ಟೂಲ್ ತಾರೀಖಿಲ್ಲದಾಗ ಯಾವಾಗಲೂ ಹಿಂದಿನ ವಹಿವಾಟಿನ ದರವನ್ನೇ ಕೊಡುತ್ತದೆ. ‘ಬರುತ್ತದೆ’ ಎನ್ನಬೇಕಾದ ಕಡೆ ಮಾತಿನ ಸೌಜನ್ಯದ ರೂಢಿಯಿಂದ ‘ಬರಬಹುದು’ ಎಂದು ಬರೆದಿದ್ದೆ. “ತಾರೀಖು ಕೊಡದಿದ್ದರೆ ಹಿಂದಿನ ವಹಿವಾಟಿನ ದರ ಬರುತ್ತದೆ, ಅದು ಯಾವ ತಾರೀಖಿನದೆಂದು ಉತ್ತರದಲ್ಲಿ ಹೇಳಲೇಬೇಕು” ಎಂದು ತಿದ್ದಿದ ಮೇಲೆ ಅದೇ ಪ್ರಶ್ನೆಗೆ ಏಜೆಂಟ್ ದರದ ಜೊತೆಗೆ ತಾರೀಖನ್ನೂ ತಿಳಿಸಿತು.

ಇಂಗ್ಲಿಷಿನಲ್ಲಿ ತಾಂತ್ರಿಕ ಬರಹಕ್ಕೆ ಇಂಥ ಪದಗಳ ಅರ್ಥವನ್ನು ಕಟ್ಟಿಹಾಕಿದ್ದು ಇಂಟರ್‌ನೆಟ್ ಮಾನದಂಡಗಳ ದಾಖಲೆ ಸರಣಿಗೆ ಸೇರಿದ 1997ರ ಆರ್‌ಎಫ್‌ಸಿ 2119. ‘ಮಸ್ಟ್’, ‘ಶುಡ್’, ‘ಮೇ’ ಎಂಬವುಗಳಲ್ಲಿ ಯಾವುದು ಕಟ್ಟುನಿಟ್ಟು, ಯಾವುದು ತಕ್ಕ ಕಾರಣವಿದ್ದರೆ ಬಿಡಲು ಬರುವಂಥದ್ದು, ಯಾವುದು ಐಚ್ಛಿಕ ಎಂದು ಅದು ಬಿಡಿಸಿ ಹೇಳುತ್ತದೆ. ದೊಡ್ಡ ಅಕ್ಷರಗಳಲ್ಲಿ ಬರೆದಾಗ ಮಾತ್ರ ಈ ವಿಶೇಷಾರ್ಥ ಎಂದು 2017ರ ಆರ್‌ಎಫ್‌ಸಿ 8174 ಸ್ಪಷ್ಟಪಡಿಸಿತು. ನಮ್ಮ ಲಿಪಿಯಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂಬ ಭೇದವೇ ಇಲ್ಲವಾದ್ದರಿಂದ ಆ ದಾರಿ ನಮಗೆ ಒದಗುವುದಿಲ್ಲ. ಭೇದವನ್ನು ಪದದ ರೂಪದಲ್ಲೇ ತರಬೇಕು.

ಬರಿಯ ‘ಬೇಕು’ ಕಡ್ಡಾಯವೂ ಆಗುತ್ತದೆ, ಸಲಹೆಯೂ ಆಗುತ್ತದೆ. ಕಡ್ಡಾಯವನ್ನು ಬೇರೆಯಾಗಿ ತೋರಿಸಲು ಎರಡು ದಾರಿ ಕಾಣುತ್ತವೆ. ಕಾನೂನಿನ ಕನ್ನಡದಲ್ಲಿ ‘ಸಲ್ಲಿಸತಕ್ಕದ್ದು’ ಎಂಬ ರೂಪ ಬಹುಕಾಲದಿಂದ ನೆಲೆಯೂರಿದೆ ಮತ್ತು ಅದರಲ್ಲಿ ಸಂದಿಗ್ಧಕ್ಕೆ ಎಡೆಯಿಲ್ಲ, ಆದರೆ ಕಚೇರಿಯ ಆಚೆ ಅದನ್ನು ಯಾರೂ ಆಡುವುದಿಲ್ಲ. ಇನ್ನೊಂದು, ‘ಹೇಳಲೇಬೇಕು’ ಎಂಬಲ್ಲಿಯ ಒತ್ತಿನ ಏಕಾರ. ಕಡ್ಡಾಯಕ್ಕೆ ‘ಲೇಬೇಕು’, ಸಲಹೆಗೆ ‘ಹೇಳುವುದು ಒಳ್ಳೆಯದು’ ಎಂದು ನಿಗದಿಪಡಿಸಿ, ಬರಿಯ ‘ಬೇಕು’ವನ್ನು ಇಂಥ ವಿವರಣೆಗಳಿಂದ ಪೂರ್ತಿಯಾಗಿ ಬಿಟ್ಟುಬಿಡುವುದು ಸರಿ ಎಂದು ನನಗೆ ತೋರುತ್ತದೆ. ನಿಷೇಧದಲ್ಲಿ ಕಷ್ಟವಿಲ್ಲ: ‘ಕೊಡಕೂಡದು’ ಬೇರೆ, ‘ಕೊಡಬೇಕಿಲ್ಲ’ ಬೇರೆ ಎಂಬುದು ಎಲ್ಲರಿಗೂ ತಿಳಿದದ್ದೇ.

‘ಬಹುದು’ ಇನ್ನೂ ಕಠಿಣ. ಅದನ್ನು ಅನುಮತಿಗೆ ಮೀಸಲಿಟ್ಟರೆ ಸಂಭವಕ್ಕೆ ಏನು? ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಓದಿದ ‘ಬಂದೀತು’, ‘ಆದೀತು’ ರೂಪಗಳು ನಮ್ಮ ಭಾಗದ ಮಾತಿನಲ್ಲಿ ಇಂದಿಗೂ ಜೀವಂತವಾಗಿವೆ. ಮಾಳಿಗೆಯ ಅಂಚಿಗೆ ಹೋದ ಮಗುವಿಗೆ ನಮ್ಮ ಮನೆಯಲ್ಲಿ “ಬಿದ್ದೀ, ಸಾವಕಾಶ” ಎನ್ನುತ್ತಾರೆ. ಅದರಲ್ಲಿ ಅನುಮತಿಯ ನೆರಳೂ ಇಲ್ಲ, ಎಚ್ಚರಿಕೆ ಮಾತ್ರ ಇದೆ. “ಜಾಲ ನಿಧಾನವಿದ್ದರೆ ಉತ್ತರ ತಡವಾದೀತು” ಎಂಬ ವಾಕ್ಯ ಟೂಲ್ ವಿವರಣೆಗೆ ಹೇಳಿ ಮಾಡಿಸಿದಂತಿದೆ. ಆದರೆ “ಹೇಗೆ ಬಂದೀತು?” ಎಂದು ಪ್ರಶ್ನೆಯಾಗಿ ಕೇಳಿದರೆ ಅದೇ ರೂಪ ‘ಬರುವುದಿಲ್ಲ’ ಎಂಬ ಅರ್ಥಕ್ಕೆ ತಿರುಗುತ್ತದೆ, ಹೇಳಿಕೆಯ ವಾಕ್ಯಗಳಿಗೆ ಮಾತ್ರ ಸೀಮಿತಗೊಳಿಸಿದರೆ ಈ ತೊಂದರೆ ತಪ್ಪುತ್ತದೆ ಎಂಬುದು ನನ್ನ ಎಣಿಕೆ.

ಮೈಸೂರು, ಮಂಗಳೂರು ಕಡೆಯವರು ‘ತಡವಾದೀತು’ ಎಂಬುದನ್ನು ತಾಂತ್ರಿಕ ಬರಹದಲ್ಲಿ ಕಂಡರೆ ಸಹಜವಾಗಿ ಓದಿಕೊಳ್ಳುತ್ತೀರಾ, ಅಥವಾ ಅದು ಹಳೆಯ ಕಾವ್ಯದ ಮಾತಿನಂತೆ ಕೇಳಿಸುತ್ತದೆಯೇ? ಕಡ್ಡಾಯಕ್ಕೆ ‘ಲೇಬೇಕು’ ಸಾಕೇ, ‘ತಕ್ಕದ್ದು’ ಬೇಕೇ? ತಮ್ಮ ಬಳಕೆಯಿಂದಲೇ ಒಂದೆರಡು ವಾಕ್ಯಗಳನ್ನು ಕೊಟ್ಟು ತಿಳಿಸಿದರೆ ಉಪಕಾರವಾಗುತ್ತದೆ.